ಚೈನ್ ಸಾ ಯಂತ್ರದ ಪೋರ್ಟ್ ಕೆತ್ತನೆ: ಲಾಭದ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳಲ್ಲಿ ಕಬ್ಬು, ತಂಬಾಕುಗಳ ದೊಡ್ಡ ವಹಿವಾಟಿನ ಮಗ್ಗುಲಲ್ಲೇ ಕಟ್ಟಿಗೆಯ ಚಿಕ್ಕ ವ್ಯಾಪಾರವೂ ಇದೆ. ಹೊಲದ ಬದುವಿನ ಜಾಲಿ, ಬೇವು, ನೀಲಗಿರಿ ಮರಗಳನ್ನು ಕೊಂಡು ಕಡಿಸುವ ವರ್ತಕರಿಗೆ ಚೈನ್ ಸಾ ಈಗ ಅನಿವಾರ್ಯ ಸಾಧನ. ಅದರ ಸಿಲಿಂಡರಿನ ಪೋರ್ಟುಗಳನ್ನು ಕೆತ್ತಿಸಿದರೆ ಕೆಲಸ ಬೇಗ ಸಾಗುತ್ತದೆ ಎಂಬುದು ನಿಜ. ಆದರೆ ಕೆತ್ತಿಸಿದ ಖರ್ಚು ಎಷ್ಟು ದಿನಕ್ಕೆ ಹುಟ್ಟೀತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಎರಡು ಸ್ಟ್ರೋಕ್ ಇಂಜಿನ್ ಕನ್ನಡಿಗರಿಗೆ ಅಪರಿಚಿತವೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್‌ಗಳದ್ದೂ ಇದೇ ತತ್ವ. ಇದರಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ದ್ವಾರಗಳನ್ನು ಪಿಸ್ಟನ್ ತಾನೇ ಮುಚ್ಚಿ ತೆರೆಯುತ್ತದೆ. ಆದುದರಿಂದ ದ್ವಾರದ ಎತ್ತರ ಬದಲಾದರೆ ಇಂಜಿನ್ನಿನ ಸಮಯಪಾಲನೆಯೇ ಬದಲಾಗುತ್ತದೆ. 34 ಮಿ.ಮೀ. ಸ್ಟ್ರೋಕಿನ ಯಂತ್ರದಲ್ಲಿ ಹೊಗೆ ಹೊರಬೀಳುವ ದ್ವಾರವನ್ನು ಕೇವಲ 1 ಮಿ.ಮೀ. ಎತ್ತರಿಸಿದರೂ ಅದು ತೆರೆದಿರುವ ಅವಧಿ ಸುಮಾರು 7 ಡಿಗ್ರಿಯಷ್ಟು ಹೆಚ್ಚುತ್ತದೆ. ಫಲವಾಗಿ ಹೆಚ್ಚಿನ ಸುತ್ತುಗಳಲ್ಲಿ ಶಕ್ತಿ ಏರುತ್ತದೆ, ಕಡಿಮೆ ಸುತ್ತುಗಳಲ್ಲಿ ಎಳೆತ ಕುಗ್ಗುತ್ತದೆ. ಮೆತ್ತನೆಯ ಮರಕ್ಕೆ ಇದು ಸರಿ. ಒಣಗಿದ ಜಾಲಿಯ ದಪ್ಪ ಬೊಡ್ಡೆಗೆ ಬೇಕಾದುದು ಎಳೆತವೇ. ಅಲ್ಲಿ ದ್ವಾರವನ್ನು ಎತ್ತರಿಸುವುದಕ್ಕಿಂತ ಮಿತವಾಗಿ ಅಗಲಿಸುವುದು ಲೇಸು. ಅದಕ್ಕೂ ಮಿತಿಯುಂಟು: ಅತಿಯಾಗಿ ಅಗಲಿಸಿದರೆ, ಅಥವಾ ಕೆತ್ತಿದ ಅಂಚನ್ನು ಎಮರಿಯಿಂದ ನಯಗೊಳಿಸದೆ ಬಿಟ್ಟರೆ, ಪಿಸ್ಟನ್ ರಿಂಗ್ ಸಿಕ್ಕಿ ಮುರಿಯುತ್ತದೆ. ಸಿಲಿಂಡರಿನ ಒಳಲೇಪನ ಕಿತ್ತುಬಂದರೆ ಸಿಲಿಂಡರನ್ನೇ ಬದಲಿಸಬೇಕು.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ವರ್ತಕರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳತಕ್ಕದ್ದು. ಕೆತ್ತನೆಯ ಕೂಲಿ ರೂ. 4,000 ಎಂದಿರಲಿ. ಎಂಟು ತಾಸಿನ ದಿನದಲ್ಲಿ ಗರಗಸ ನಿಜವಾಗಿ ಮರ ಕೊಯ್ಯುವುದು ಮೂರು ತಾಸು. ಉಳಿದುದು ಹಗ್ಗ ಕಟ್ಟಲು, ಟೊಂಗೆ ಸರಿಸಲು, ಟ್ರ್ಯಾಕ್ಟರಿಗೆ ಹೇರಲು. ಕೊಯ್ಯುವ ವೇಗ ಶೇ. 15 ಹೆಚ್ಚಿದರೆ ಉಳಿಯುವುದು ದಿನಕ್ಕೆ ಸುಮಾರು 23 ನಿಮಿಷ. ತಲಾ ರೂ. 700 ಕೂಲಿಯ ಇಬ್ಬರು ಆಳುಗಳಿದ್ದರೆ ಅದರ ಬೆಲೆ ಸುಮಾರು ರೂ. 68, ನೂರು ದಿನಕ್ಕೆ ರೂ. 6,800.

ಖರ್ಚಿನ ಕಡೆ, ರೂ. 6,000ದ ಸಿಲಿಂಡರ್-ಪಿಸ್ಟನ್ ಜೋಡಿ 400 ದಿನದ ಬದಲು 200 ದಿನಕ್ಕೇ ಸವೆದರೆ ನೂರು ದಿನಕ್ಕೆ ಹೆಚ್ಚುವರಿ ಸವಕಳಿ ರೂ. 1,500. ಪೆಟ್ರೋಲ್, ಎಣ್ಣೆಯ ಹೆಚ್ಚುವರಿ ರೂ. 1,300 ಎಂದು ಹಿಡಿದರೆ ಉಳಿಯುವುದು ರೂ. 4,000. ಅಂದರೆ ನೂರು ದಿನದ ದುಡಿಮೆಗೆ ಕೆತ್ತನೆಯ ಕೂಲಿ ಹುಟ್ಟಿತು, ಅಷ್ಟೇ. ಅದೂ ಉಳಿದ ಆ 23 ನಿಮಿಷಗಳಲ್ಲಿ ಮತ್ತೊಂದು ಮರ ಕೊಯ್ದರೆ. ಆಳುಗಳು ಟ್ರ್ಯಾಕ್ಟರಿನ ದಾರಿ ಕಾಯುತ್ತ ಕುಳಿತರೆ ಉಳಿತಾಯ ಕಾಗದದ ಮೇಲೆಯೇ ಉಳಿಯುತ್ತದೆ.

ಈ ಲೆಕ್ಕದಲ್ಲಿ ಅಪಘಾತ ಸೇರಿಲ್ಲ. ಕೆತ್ತಿದ ನಂತರ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ಹೆಚ್ಚಿಸುವುದು ಕಡ್ಡಾಯ. ಎಣ್ಣೆ ಪೆಟ್ರೋಲಿನೊಂದಿಗೇ ಬರುವುದರಿಂದ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಾಗೊಮ್ಮೆ ಆದರೆ ಇಡೀ ವರ್ಷದ ಲಾಭ ಹೋಯಿತು. ಸೈಲೆನ್ಸರಿನ ಕಿಡಿ ತಡೆಯುವ ಜಾಲರಿಯನ್ನು ಕಿತ್ತೆಸೆಯುವ ಅಭ್ಯಾಸವಂತೂ ಅಪಾಯಕರ. ಕಬ್ಬಿನ ಹಂಗಾಮಿನಲ್ಲಿ ಒಣ ರವದಿ ಬಿದ್ದ ಹೊಲದ ಬದುವಿನಲ್ಲಿ ಒಂದು ಕಿಡಿಯ ಬೆಲೆಯನ್ನು ಯಾವ ಖಾತೆಗೆ ಬರೆಯುವುದು?

ಮೊಂಡಾದ ಚೈನಿಗೆ ದಿನವೂ ಅರ ಹಿಡಿದು, ಗಾಳಿ ಫಿಲ್ಟರನ್ನು ತೊಳೆದರೆ ವೇಗ ಹೆಚ್ಚುಕಡಿಮೆ ಪುಕ್ಕಟೆಯಾಗಿ ಮರಳುತ್ತದೆ. ಮೊದಲು ಮಾಡತಕ್ಕದ್ದು ಇದನ್ನೇ. ಇಷ್ಟಾದ ಮೇಲೂ ವರ್ಷದ ಬಹುಪಾಲು ದಿನ ಯಂತ್ರಕ್ಕೆ ಕೆಲಸವಿದ್ದು, ಕೆತ್ತಿಸಲೇಬೇಕೆಂದಿದ್ದರೆ ಬೇರೊಂದು ಸಿಲಿಂಡರ್ ಕೊಂಡು ಅದನ್ನು ಕೆತ್ತಿಸಿ, ಮೂಲದ್ದನ್ನು ಎಣ್ಣೆ ಸವರಿ ಕಪಾಟಿನಲ್ಲಿಡುವುದು ಜಾಣತನ. ಅರೆದು ತೆಗೆದ ಲೋಹವನ್ನು ಮತ್ತೆ ಕೂಡಿಸಲಾಗದು. ಹೊಸ ಸಿಲಿಂಡರಿನ ಬೆಲೆಯನ್ನೂ ಮೇಲಿನ ರೂ. 4,000ಕ್ಕೆ ಸೇರಿಸಿ ಲೆಕ್ಕವನ್ನು ಮತ್ತೊಮ್ಮೆ ಹಾಕಬೇಕು.