ಮೇಲುಕೋಟೆ ಬೆಟ್ಟ ಇಳಿಯುವ ಆಟ

1771ರ ಮಾರ್ಚ್ ಮೊದಲ ವಾರ. ಮೇಲುಕೋಟೆ ಬೆಟ್ಟಗಳಲ್ಲಿ ಬೀಡುಬಿಟ್ಟಿದ್ದ ಹೈದರಾಲಿಯ ದಂಡಿನ ಮೇಲೆ ತ್ರಿಂಬಕರಾವ್ ಪೇಠೆಯ ಮರಾಠರು ತೋಪು ಹೊಡೆಯುತ್ತಿದ್ದರು. ಹೈದರ್ ರಾತ್ರೋರಾತ್ರಿ ಬೆಟ್ಟ ಬಿಟ್ಟು, ಕುರುಚಲು ಕಾಡಿನ ಕಣಿವೆ ಹಿಡಿದು ಶ್ರೀರಂಗಪಟ್ಟಣದ ಕಡೆ ಹೊರಟ. ಸುಮಾರು 35 ಕಿಲೋಮೀಟರ್ ದಾರಿ. ದಾರಿಯ ನಡುವೆಯೇ, ಚಿನಕುರಳಿ ಹತ್ತಿರ ದಂಡು ಚೆಲ್ಲಾಪಿಲ್ಲಿಯಾಯಿತು. ಆತಗೂರಿನ ನಮ್ಮ ಜಗಲಿಯಲ್ಲಿ ನಾವು ಆಡುವ ಯುದ್ಧದಾಟ ಇದೇ.

ಚಾರ್ಟ್ ಪೇಪರಿನ ಮೇಲೆ ನಕ್ಷೆ. ಹುಣಸೆಬೀಜ ಮೈಸೂರಿನ ಕಾಲಾಳು, ಅವರೆಕಾಳು ಮರಾಠ ಕುದುರೆ, ದಾಳಕ್ಕೆ ಚೌಕಾಬಾರದ ಕವಡೆ. ಹೈದರನ ಕಡೆ ಕೂತವರೆಲ್ಲ ಮೊದಮೊದಲು ತೋಪುಗಳನ್ನು ಹಿಂದಿಟ್ಟು ಕಾಲಾಳನ್ನು ಓಡಿಸುತ್ತಿದ್ದರು. ನಮ್ಮ ಬೀದಿಯಲ್ಲೊಬ್ಬರು ವರ್ಷಗಟ್ಟಲೆ ಕಬ್ಬಿನ ಗಾಡಿ ಹೊಡೆದವರು. ಅವರು ನಕ್ಷೆ ನೋಡಿ, "ಇಳಿಜಾರಲ್ಲಿ ಬೇಗ ಹೋಯ್ತದೆ ಅಂತ ಯಾರಪ್ಪ ಹೇಳಿದ್ದು?" ಅಂದರು. ಭಾರದ ಗಾಡಿ ಇಳಿಯುವಾಗ ಮುಂದಕ್ಕೆ ನುಗ್ಗುತ್ತದೆ. ನೊಗ ಎತ್ತಿನ ಕೊಂಬಿನ ಬುಡಕ್ಕೆ ಒತ್ತುತ್ತದೆ. ಎತ್ತು ಕಾಲೂರಿ ಹಿಂದಕ್ಕೆ ಜಗ್ಗುತ್ತದೆ. ಬಯಲಿಗಿಂತ ಅಲ್ಲೇ ನಿಧಾನ. ತೋಪು ಎಳೆದದ್ದೂ ಎತ್ತುಗಳೇ. ಅಂದಿನಿಂದ ಇಳಿಜಾರಿನ ಮನೆಗೆ ಎರಡು ಸರದಿ ಬೇಕೆಂದಾಯಿತು. ತೋಪು ಮೊದಲು ಹೊರಡಬೇಕು, ಇಡೀ ದಂಡು ಅದರ ನಡಿಗೆಗೇ ನಡೆಯಬೇಕು. ತೋಪು ಬಿಟ್ಟು ಓಡಬಹುದಲ್ಲ ಅಂದರೆ, ಬಿಟ್ಟ ತೋಪು ಮಾರನೇ ಸರದಿಗೆ ನಿಮ್ಮ ಕಡೆಗೇ ತಿರುಗುತ್ತದೆ.

ಇನ್ನೊಂದು, ಸದ್ದು. ಆ ರಾತ್ರಿ ಹೈದರನ ಕಡೆಯದೇ ಒಂದು ತೋಪು ಹಾರಿ ಮರಾಠರು ಎಚ್ಚೆತ್ತರು. ಅದು ದ್ರೋಹವೋ ಅಚಾತುರ್ಯವೋ, ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ತೀರ್ಮಾನ ಕೊಡುವುದಿಲ್ಲ. ನಾವೂ ಅದನ್ನು ಕವಡೆಗೇ ಬಿಟ್ಟಿದ್ದೇವೆ. ಬಾರ ಬಿದ್ದರೆ ತೋಪು ಹಾರಿತು, ಕತ್ತಲೆಯ ಲಾಭ ಮುಗಿಯಿತು. ಬಾರ ಯಾವಾಗ ಬಿದ್ದರೂ ಚೌಕಾಕಾರಕ್ಕೆ ನಿಲ್ಲಬಲ್ಲ ಹಾಗೆ ಪಡೆ ನಡೆಸಿದವನಷ್ಟೇ ಬೆಳಗಿನವರೆಗೆ ಉಳಿಯುತ್ತಾನೆ.

ಜಗಳ ಹತ್ತುವುದು ಲೂಟಿಯ ನಿಯಮಕ್ಕೆ. ಅಟ್ಟಿಸಿಕೊಂಡು ಬಂದ ಅವರೆಕಾಳು ಸರಂಜಾಮಿನ ಮನೆ ಮುಟ್ಟಿತೋ, ಎರಡು ಸರದಿ ಅಲ್ಲೇ ಕೂರಬೇಕು. "ಮಾವ, ಗೆದ್ದೋನಿಗೇ ದಂಡ ಹಾಕ್ತೀಯಲ್ಲ!" ಅಂತ ಅಳಿಯ ರೇಗಿದ. ಆದರೆ ನಡೆದದ್ದೂ ಹಾಗೇ. ಚಿನಕುರಳಿಯಲ್ಲಿ ಹೈದರನ ಪಡೆಯ ಚೌಕ ಮುರಿದೊಡನೆ ಮರಾಠ ಸವಾರರು ಕೊಳ್ಳೆಗೆ ಬಿದ್ದರು. ಹೈದರ್ ಪಟ್ಟಣ ಸೇರಿಕೊಂಡ; 20ರ ಆಸುಪಾಸಿನ ಟಿಪ್ಪು ಫಕೀರನ ವೇಷದಲ್ಲಿ ತಪ್ಪಿಸಿಕೊಂಡು ಬಂದ. ಆಮೇಲೆ ತಿಂಗಳ ಮೇಲೆ ಮುತ್ತಿಗೆ ಹಾಕಿದರೂ ಶ್ರೀರಂಗಪಟ್ಟಣ ಬೀಳಲಿಲ್ಲ. ಈಗ ಜಾಣರು ಹೈದರನ ಕಡೆ ಕೂತರೆ ಒಂದಿಷ್ಟು ಸರಂಜಾಮನ್ನು ಬೇಕೆಂದೇ ದಾರಿಯಲ್ಲಿ ಬಿಟ್ಟು ಹೋಗುತ್ತಾರೆ. ನನಗೇನೂ ತಕರಾರಿಲ್ಲ.

ಈಗ ಎಲ್ಲರ ಒತ್ತಾಯ, ಪಕ್ಕದ ಮಳವಳ್ಳಿಯದನ್ನೂ ಮಾಡು ಅಂತ. 1799ರ ಮಾರ್ಚ್ 27ರಂದು ಅಲ್ಲಿ ಟಿಪ್ಪು ಬ್ರಿಟಿಷರ ಜನರಲ್ ಹ್ಯಾರಿಸ್‌ನ ಎದುರು ಕಾದಾಡಿ ಹಿಂದೆ ಸರಿದ. ಅಲ್ಲಿ ಬೆಟ್ಟವೂ ಇಲ್ಲ, ಕಣಿವೆಯೂ ಇಲ್ಲ. ಸರಿಯುವುದಕ್ಕಿಂತ ಶತ್ರು ಮುಂದೆ ಹಿಡಿಯುವ ದಾರಿ ಊಹಿಸುವುದೇ ಆಟ. ಹ್ಯಾರಿಸ್ ಸೋಸಲೆ ಬಳಿ ಕಾವೇರಿ ದಾಟಿದ, ಟಿಪ್ಪು ಎಣಿಸಿದ್ದು ಬೇರೆ ದಾರಿ. ಅದಕ್ಕೆ ಇನ್ನೊಂದು ಚಾರ್ಟ್ ಪೇಪರು ಅಂಟಿಸಬೇಕು.