ಮೇಜಿನ ಮೇಲಿನ ರಣರಂಗ

ಬೆರಳುದ್ದದ ಕಾಲಾಳು, ರಾವುತರ ಬೊಂಬೆಗಳಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಗುಡ್ಡ, ಹೊಳೆ, ಹೊಲಗಳನ್ನು ರಚಿಸಿ, ದಾಳ ಉರುಳಿಸಿ ಯುದ್ಧವಾಡುವ ಹವ್ಯಾಸವು ಅನೇಕ ದೇಶಗಳಲ್ಲಿ ಬೆಳೆದಿರುವದು. ಇದನ್ನು ಬರಿಯ ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ಪ್ರಶ್ಯದ ಸೈನ್ಯಾಧಿಕಾರಿ ರೈಸ್‌ವಿಟ್ಸನು 1824ರಲ್ಲಿ ಇಂಥ ಆಟದ ನಿಯಮಗಳನ್ನು ಪ್ರಕಟಿಸಿದನು. ಅದು ಅಲ್ಲಿಯ ಅಧಿಕಾರಿಗಳ ಶಿಕ್ಷಣದ ಸಾಧನವಾಯಿತು. ಕಾದಂಬರಿಕಾರ ಎಚ್. ಜಿ. ವೆಲ್ಸನು 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು ಅದನ್ನು ಮನೆಮನೆಯ ಆಟವಾಗಿಸಲು ಯತ್ನಿಸಿದನು.

ಈ ಕಲೆಯ ಬೇರು ನಮ್ಮಲ್ಲಿಯೂ ಇಲ್ಲದಿಲ್ಲ. ದೀಪಾವಳಿಗೆ ಬೆಳಗಾವಿಯ ಮಕ್ಕಳು ಕಲ್ಲುಮಣ್ಣುಗಳಿಂದ ಕಿಲ್ಲೆ ಕಟ್ಟಿ, ಅದರ ಮೇಲೆ ಶಿವಾಜಿಯನ್ನೂ ಮಾವಳೆಯರನ್ನೂ ನಿಲ್ಲಿಸುವರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡದ ಕೈ ನಮ್ಮ ಹಳ್ಳಿಗಳಲ್ಲಿ ಅಪರೂಪ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರಂತೂ ಹಗುರಾದ ಮರದ ಬೊಂಬೆಯ ಸಂದುಗಳನ್ನು ಹುಣಸೆಬೀಜದ ಅಂಟಿನಿಂದ ಮುಚ್ಚಿ, ಅದರ ಮೇಲೆ ನುಣ್ಣನೆಯ ಕಲ್ಲುಪುಡಿಯ ಲೇಪ ಕೊಟ್ಟು, ಆಮೇಲೆಯೇ ಬಣ್ಣಕ್ಕೆ ಕೈಹಚ್ಚುವರು. ಬಣ್ಣಕ್ಕಿಂತ ಮುಂಚೆ ಹಿನ್ನೆಲೆ ಸಿದ್ಧವಾಗಬೇಕೆಂಬುದೇ ಈ ಕಲೆಯ ಮೊದಲ ಪಾಠ.

ಆದರೆ ಬೊಂಬೆಗಿಂತ ನೆಲವೇ ಮುಖ್ಯವೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಇದಕ್ಕೆ ನಮ್ಮ ಕೃಷ್ಣೆಯ ದಂಡೆಯ ಉದಾಹರಣೆಯೇ ಸಾಕು. 1565ರ ಜನವರಿ 23ರಂದು ನಡೆದ, ರಕ್ಕಸಗಿ-ತಂಗಡಗಿ ಅಥವಾ ತಾಳಿಕೋಟೆಯದೆಂದು ಹೆಸರಾದ ಯುದ್ಧವನ್ನು ಎಲ್ಲರೂ ಓದಿರುವೆವು. ಪರೀಕ್ಷೆಯಲ್ಲಿ ಸುಲ್ತಾನರ ಒಕ್ಕೂಟ, ರಾಮರಾಯನ ಧೋರಣೆ ಮೊದಲಾದ ಕಾರಣಗಳನ್ನು ಬರೆಯುತ್ತೇವೆ, ಹೊಳೆಯನ್ನು ಮರೆಯುತ್ತೇವೆ. ಫೆರಿಷ್ತಾನ ಬರವಣಿಗೆಯ ಪ್ರಕಾರ ವಿಜಯನಗರದವರು ನಡೆದು ದಾಟಬಹುದಾದ ಕಡವನ್ನು ಕಾಯುತ್ತಿದ್ದರು. ಸುಲ್ತಾನರ ದಂಡು ಬೇರೆ ಕಡವನ್ನು ಹುಡುಕುವಂತೆ ನಟಿಸಿ ದಂಡೆಗುಂಟ ಸಾಗಿತು. ಎದುರಿನ ದಂಡೆಯಲ್ಲಿ ವಿಜಯನಗರದವರೂ ಅದನ್ನು ಹಿಂಬಾಲಿಸಿದರು. ಆಗ ಸುಲ್ತಾನರ ದಂಡು ತಟ್ಟನೆ ತಿರುಗಿ, ಕಾವಲಿಲ್ಲದೆ ಉಳಿದ ಮೊದಲಿನ ಕಡವನ್ನೇ ದಾಟಿತು. ಯುದ್ಧ ನಡೆದ ನಿಶ್ಚಿತ ಸ್ಥಳದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಹೊಳೆಯನ್ನು ಮೇಜಿನ ಮೇಲೆ ಹರಿಸಿ ನೋಡಿದವನಿಗೆ ಈ ತಂತ್ರದ ಅರ್ಥ ಕೂಡಲೇ ಹೊಳೆಯುವದು.

ಇನ್ನು ರಚನೆಯ ಕ್ರಮ. ಸಾಮಾನ್ಯವಾಗಿ ಬೊಂಬೆಗಳು ನಿಜದ ಎಪ್ಪತ್ತೆರಡನೆಯ ಒಂದು ಪಾಲಿನವು. ಐದೂವರೆ ಅಡಿಯ ಆಳು ಸುಮಾರು 2.3 ಸೆಂಟಿಮೀಟರು ಆಗುವನು. ಇದೇ ಪ್ರಮಾಣದಲ್ಲಿ ಅರ್ಧ ಕಿಲೋಮೀಟರು ಅಗಲದ ಹೊಳೆಗೆ ಏಳು ಮೀಟರು ಮೇಜು ಬೇಕಾದೀತು! ಆದ್ದರಿಂದ ನೆಲಕ್ಕೆ ಬೇರೆಯೇ ಪ್ರಮಾಣವನ್ನು ಹಿಡಿಯುವರು. ಎರಡು ಮೀಟರಿನ ಮೇಜಿಗೆ ಐದು ಕಿಲೋಮೀಟರು ನೆಲವೆಂದರೆ, ಒಂದು ಸೆಂಟಿಮೀಟರಿಗೆ 25 ಮೀಟರು. ಆಗ ಹೊಳೆ 20 ಸೆಂಟಿಮೀಟರಿನಲ್ಲಿ ಹಿಡಿಸುವದು. ಒಂದೊಂದು ಬೊಂಬೆಯು ಒಬ್ಬ ಆಳಲ್ಲ, ಒಂದು ತುಕಡಿಯೆಂದು ತಿಳಿಯಬೇಕು.

ನೆಲಕ್ಕೆ ನಮ್ಮ ಎರೆಮಣ್ಣನ್ನೇ ಜರಡಿ ಹಿಡಿದು ಬಳಸಬಹುದು. ಆದರೆ ಎರೆಮಣ್ಣು ಒಣಗಿದಂತೆ ಬಿರಿಯುವದು ಅದರ ಗುಣ. ಉಸುಕು, ಮರದ ಹೊಟ್ಟು, ಅಂಟುಗಳನ್ನು ಕಲಸಿ ತೆಳ್ಳಗೆ ಹಚ್ಚಬೇಕು. ಹೊಳೆಯ ಆಳವನ್ನು ಕಡುಹಸಿರಿನಿಂದಲೂ, ಕಡವನ್ನು ಉಸುಕಿನ ತಿಳಿಬಣ್ಣದಿಂದಲೂ ತೋರಿಸಿ, ಮೇಲೆ ಪಾರದರ್ಶಕ ವಾರ್ನಿಷನ್ನು ಪದರು ಪದರಾಗಿ ಕೊಟ್ಟರೆ ನೀರಿನ ಭ್ರಮೆ ಉಂಟಾಗುವದು. ಇಲ್ಲಿ ಬಣ್ಣವು ಅಲಂಕಾರವಷ್ಟೇ ಅಲ್ಲ. ದಂಡು ಎಲ್ಲಿ ದಾಟಬಲ್ಲದೆಂಬುದನ್ನು ಬಣ್ಣವೇ ಹೇಳುವದು.

ಬೊಂಬೆಗೆ ಮೊದಲು ಒಂದೇ ಬಣ್ಣದ ತಳಲೇಪ. ಒಣಗಿದ ಮೇಲೆ ನೀರುಬೆರೆತ ಬಣ್ಣದ ತೆಳುಪದರುಗಳು. ದಪ್ಪ ಬಣ್ಣದಲ್ಲಿ ಮೂಗು, ಬೆರಳುಗಳು ಹೂತುಹೋಗುವವು. ಆಮೇಲೆ ತೀರ ತೆಳುವಾದ ಕಪ್ಪುಗಂದನ್ನು ಹರಿಯಬಿಟ್ಟರೆ ಅದು ಮಡಿಕೆಗಳಲ್ಲಿ ನಿಂತು ನೆರಳಾಗುವದು. ಕೊನೆಗೆ ಬಹುತೇಕ ಒಣಗಿದ ಕುಂಚದಿಂದ ತಿಳಿಬಣ್ಣವನ್ನು ಸವರಿದರೆ ಉಬ್ಬುಗಳು ಎದ್ದು ಕಾಣುವವು. ಬೊಂಬೆ ಚಿಕ್ಕದಾದಷ್ಟೂ ಅದರ ಮೇಲಿನ ಸಹಜ ನೆರಳು ಕಣ್ಣಿಗೆ ಬೀಳದು. ಅದಕ್ಕಾಗಿ ಬೆಳಕು-ನೆರಳುಗಳನ್ನು ತುಸು ಉತ್ಪ್ರೇಕ್ಷಿಸಬೇಕಾಗುವದು.

ಏನನ್ನು ಬಿಡಬೇಕೆಂಬುದು ಅಷ್ಟೇ ಮಹತ್ವದ್ದು. ಜನವರಿಯ ಹೊಳೆಗೆ ಆಷಾಢದ ಕೆಂಪು ನೀರು ಸಲ್ಲದು. ಹೊಲದಲ್ಲಿ ಹಿಂಗಾರಿ ಜೋಳ ನಿಂತಿರಬೇಕು. ಹಳೆಯ ಕಸಬರಿಗೆಯ ಎಳೆಗಳಿಂದ ಅದನ್ನು ಮಾಡಬಹುದು. ಇಂದು ಕಣ್ಣು ಹರಿಯುವವರೆಗೆ ಕಾಣುವ ಕಬ್ಬಿನ ಹಸಿರು ಈಚಿನ ನೀರಾವರಿಯ ಫಲ. ಬಳ್ಳಾರಿ ಜಾಲಿ ಭಾರತಕ್ಕೆ ಬಂದದ್ದು 19ನೆಯ ಶತಮಾನದಲ್ಲಿ. ಅದೂ ಬೇಡ, ಕರಿಜಾಲಿ ಇರಲಿ. ಹೀಗೆ ಒಂದೊಂದನ್ನೇ ತೆಗೆಯುತ್ತ ಹೋದಂತೆ, ನಾವು ದಿನವೂ ನೋಡುವ ನೆಲದಲ್ಲಿ ಎಷ್ಟು ಭಾಗ ಹೊಸದೆಂಬುದು ಮನದಟ್ಟಾಗುವದು.

ಕೃಷ್ಣೆಯ ರೂಪವೂ ನಮ್ಮ ಹಿರಿಯರ ಕಣ್ಣೆದುರಿನಲ್ಲಿಯೇ ಬದಲಾಯಿತು. ಬೇಸಿಗೆಯಲ್ಲಿ ಬತ್ತುತ್ತಿದ್ದ ಹೊಳೆಗೆ ಚಿಕ್ಕಪಡಸಲಗಿಯಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮದೇ ಹಣ ಮತ್ತು ಶ್ರಮದಿಂದ ಬ್ಯಾರೇಜನ್ನು ಕಟ್ಟಿದರು. 1989ರಲ್ಲಿ ಅದು ಮುಗಿಯಿತು. ನೀರು ಎಲ್ಲಿ ನಿಲ್ಲುವದು, ನೆಲ ಎಲ್ಲಿ ಗಟ್ಟಿಯೆಂಬುದು ದಂಡನಾಯಕನಂತೆಯೇ ರೈತನಿಗೂ ಬೇಕಾದ ತಿಳಿವಳಿಕೆ. ಮುಂದೆ ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ, ಬಾಗಲಕೋಟೆಗಳ ಕಡೆಯ ಅನೇಕ ಹಳೆಯ ದಂಡೆಗಳು ಮುಳುಗಿದವು. ಎಲ್ಲಿ ಮೊಣಕಾಲುದ್ದ ನೀರು, ಎಲ್ಲಿ ಮಡುವು, ಚಕ್ಕಡಿ ಎಲ್ಲಿ ದಾಟುತ್ತಿತ್ತು ಎಂಬುದನ್ನು ಕಂಡುಬಲ್ಲವರು ನಮ್ಮ ಅಜ್ಜಂದಿರ ತಲೆಯವರು ಮಾತ್ರ. ಅವರಲ್ಲಿ ಅನೇಕರಿಗೆ ಅಕ್ಷರ ಬಾರದು. ಆದರೆ ಎದುರಿಗೆ ಮಣ್ಣಿನ ಹೊಳೆಯನ್ನಿಟ್ಟರೆ ಬೆರಳಿನಿಂದ ತಿದ್ದಿ ತೋರಿಸಬಲ್ಲರು. ನಕಾಶೆಯೂ ಪುಸ್ತಕವೂ ಮಾಡಲಾರದ ಕೆಲಸವನ್ನು ಇಲ್ಲಿ ಒಂದು ಹಲಗೆ ಮಣ್ಣು ಮಾಡುವದು.

ನಮ್ಮ ಕಾಲೇಜಿನ ಇತಿಹಾಸ, ಭೂಗೋಳ ವಿದ್ಯಾರ್ಥಿಗಳು ಕೂಡಿ ಇಂಥ ಒಂದು ಹಲಗೆಯನ್ನು ಸಿದ್ಧಪಡಿಸುವದು ಕಷ್ಟವಲ್ಲ. ಖರ್ಚು ಅಲ್ಪ, ಮಣ್ಣು ನಮ್ಮದೇ. ಹೇಳುವವರು ಇರುವಾಗಲೇ ಕೇಳಿ, ತೋರಿಸಿದ್ದನ್ನು ಬಣ್ಣದಲ್ಲಿ ಉಳಿಸಿಕೊಂಡರೆ, ಅದು ಆಟವೂ ಆದೀತು, ಮುಂದಿನವರಿಗೆ ಪಾಠವೂ ಆದೀತು.