ಹಾಯಿದೋಣಿಯ ಮೇಲೆ ನಿಂತ ನೀರು

ನೀರು ತಗ್ಗನ್ನು ಹುಡುಕಿಕೊಂಡು ಹರಿಯುತ್ತದೆ ಎಂಬುದನ್ನು ನಾವೆಲ್ಲರೂ ಕಿರಿಯ ತರಗತಿಗಳಲ್ಲೇ ಕಲಿತಿದ್ದೇವೆ. ಈ ಸರಳ ನಿಯಮವು ಒಂದು ದೋಣಿಯನ್ನು ಹೇಗೆ ಕಾಪಾಡುತ್ತದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಹಾಯಿದೋಣಿಯ ಒಡಲನ್ನು ಮುಚ್ಚುವ ಮೇಲ್ಹಾಸಿಗೆ ಡೆಕ್ಕು ಎಂದು ಹೆಸರು. ನಾವಿಕರು ಓಡಾಡುವುದೂ ಹಾಯಿಯ ಹಗ್ಗ ಎಳೆಯುವುದೂ ಇದರ ಮೇಲೆಯೇ. ಅವರ ಕಾಲು ಜಾರಿ ಕಡಲಿಗೆ ಬೀಳದಂತೆ ಅಂಚಿನ ಉದ್ದಕ್ಕೂ ಗಿಡ್ಡ ಪಟ್ಟಿಯೊಂದಿರುತ್ತದೆ. ಕಾಲನ್ನು ತಡೆಯುವ ಈ ಪಟ್ಟಿಯೇ ಮಳೆನೀರನ್ನೂ ತಡೆದು ನಿಲ್ಲಿಸುತ್ತದೆ.

ನಿಂತರೆ ಏನು ಕೇಡು? ಲೆಕ್ಕ ಹಾಕೋಣ. 2 ಮೀಟರ್ ಉದ್ದ, 1 ಮೀಟರ್ ಅಗಲದ ಜಾಗದಲ್ಲಿ 5 ಸೆಂಟಿಮೀಟರ್ ಆಳದ ನೀರು ನಿಂತರೆ ಅದು 100 ಲೀಟರ್. ತೂಕ 100 ಕಿಲೋಗ್ರಾಂ. ಎಂದರೆ 50 ಕಿಲೋದ ಎರಡು ಅಕ್ಕಿಮೂಟೆ! ಮೂಟೆಯನ್ನಾದರೂ ಕಟ್ಟಿಡಬಹುದು, ನೀರು ಹಾಗಲ್ಲ. ದೋಣಿ ಯಾವ ಕಡೆಗೆ ವಾಲುತ್ತದೋ ಆ ಕಡೆಗೇ ಓಡಿ ಅದನ್ನು ಇನ್ನಷ್ಟು ವಾಲಿಸುತ್ತದೆ. ಇದಲ್ಲದೆ, ಮಳೆಯ ಸಿಹಿನೀರು ನಿಂತಲ್ಲಿ ಮರ ಕುಂಬಾಗುತ್ತದೆ, ಪಾಚಿ ಬೆಳೆದು ಕಾಲು ಜಾರುತ್ತದೆ.

ನೀರನ್ನು ಹೊರಗೆ ಕಳುಹಿಸುವ ಸುಲಭ ಉಪಾಯಗಳು ಇವು:

1. ತೂತುಗಳನ್ನು ಶುಚಿಯಾಗಿಡುವುದು. ಅಂಚುಪಟ್ಟಿಯ ಬುಡದಲ್ಲಿ ನೀರು ಹೋಗಲು ತೂತುಗಳಿರುತ್ತವೆ. ತರಗೆಲೆ, ಹಗ್ಗದ ನಾರು, ಮಣ್ಣು ಸೇರಿ ಅವು ಮುಚ್ಚಿಹೋಗುತ್ತವೆ. ಹೆಚ್ಚಿನ ಸಂದರ್ಭಗಳಲ್ಲಿ ಒಂದು ಕಡ್ಡಿಯಿಂದ ಕೆದಕಿದರೆ ಸಾಕು.

2. ಭಾರವನ್ನು ಸರಿಸುವುದು. ತೂತು ತೆರೆದಿದ್ದರೂ ನೀರು ಅದರ ಪಕ್ಕದಲ್ಲೇ ನಿಲ್ಲುವುದುಂಟು. ಲಂಗರು, ಸರಪಳಿ, ನೀರಿನ ಪೀಪಾಯಿಗಳ ಭಾರಕ್ಕೆ ದೋಣಿ ಒಂದು ಕಡೆ ತಗ್ಗಿರುವುದೇ ಇದಕ್ಕೆ ಕಾರಣ. ಒಂದು ಚೊಂಬು ನೀರು ಸುರಿದು ಅದು ಎತ್ತ ಹರಿಯುತ್ತದೆಂದು ನೋಡಿ, ತೂತಿನ ಕಡೆ ತಗ್ಗಾಗುವಂತೆ ಭಾರವನ್ನು ಬದಲಿಸಬೇಕು.

3. ಬತ್ತಿಯ ಉಪಾಯ. ಹತ್ತಿಯ ದಪ್ಪ ಹಗ್ಗವನ್ನೋ ಬಟ್ಟೆಯನ್ನೋ ಚೆನ್ನಾಗಿ ನೆನೆಸಿ, ಒಂದು ತುದಿಯನ್ನು ನಿಂತ ನೀರಿನಲ್ಲಿಟ್ಟು, ಇನ್ನೊಂದನ್ನು ಪಟ್ಟಿಯ ಮೇಲಿನಿಂದ ಹೊರಗೆ ಇಳಿಬಿಡಬೇಕು. ಹೊರಗಿನ ತುದಿ ನೀರಿನ ಮಟ್ಟಕ್ಕಿಂತ ಕೆಳಗಿರತಕ್ಕದ್ದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೀರು ಏರಿ, ಹೊರಗೆ ತೊಟ್ಟಿಕ್ಕುತ್ತದೆ. ಯಾರೂ ಕಾಯದೆಯೇ ರಾತ್ರಿಯೆಲ್ಲ ಈ ಕೆಲಸ ನಡೆಯುತ್ತದೆ.

4. ಹೊಸ ತೂತು ಕೊರೆಯುವುದು. ಇದು ಕೊನೆಯ ಉಪಾಯ. ಕೆಲವು ದೋಣಿಗಳ ಡೆಕ್ಕಿನಲ್ಲಿ ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಹಗುರವಾದ ಮರವಿರುತ್ತದೆ. ಕೊರೆದ ತೂತಿನ ಒಳಮೈಗೆ ಎಪಾಕ್ಸಿ ಅಂಟನ್ನು ತುಂಬಿ ಮುಚ್ಚದಿದ್ದರೆ ಆ ಮರ ನೀರು ಕುಡಿದು ಒಳಗಿಂದಲೇ ಕೊಳೆಯುತ್ತದೆ.

ದೂರಸಾಗರದ ದೋಣಿಗಳಲ್ಲಿ ಚುಕ್ಕಾಣಿ ಹಿಡಿಯುವವರು ಕೂರುವ ತಗ್ಗು ಜಾಗವೂ ತಾನಾಗಿ ಬರಿದಾಗುವಂತೆ ಕಟ್ಟಿರುತ್ತಾರೆ. ಗೋವೆಯಲ್ಲಿ ಕಟ್ಟಿದ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ನಮ್ಮ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರಿನಲ್ಲಿ ಹೊರಟು, ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಅಂಥ ಯಾನದಲ್ಲಿ ಅಲೆ ನುಗ್ಗುವುದನ್ನು ತಡೆಯಲಾಗದು. ನುಗ್ಗಿದ ನೀರು ಬೇಗನೆ ಹೊರಹೋಗುವಂತೆ ಮಾಡುವುದೇ ಜಾಣತನ.

ವಿದ್ಯಾರ್ಥಿಗಳೇ, ಎರಡು ಬಟ್ಟಲು, ಒಂದು ಬಟ್ಟೆಯ ಚೂರು ಸಿಕ್ಕಿದರೆ ಬತ್ತಿಯ ಉಪಾಯವನ್ನು ಮನೆಯಲ್ಲೇ ಮಾಡಿ ನೋಡಬಹುದು. ನೀರು ತುಂಬಿದ ಬಟ್ಟಲನ್ನು ಎತ್ತರದಲ್ಲೂ ಬರಿದಾದುದನ್ನು ಕೆಳಗೂ ಇಡಿ. ಬಳಿಕ ಎರಡನ್ನೂ ಒಂದೇ ಮಟ್ಟದಲ್ಲಿಟ್ಟು, ಏನಾಗುತ್ತದೆ, ಏಕೆ ಎಂಬುದನ್ನು ನೀವೇ ಬರೆಯಿರಿ.